ಬಿತ್ತನೆಗೆ ಮುಂಚೆ ಬರಬೇಕಿದ್ದ ಹಿಂಬರಹ

ಮೇಷ್ಟ್ರು ಅರ್ಜಿ ಹಿಡಿದು ನಮ್ಮ ಕಚೇರಿಗೆ ಬಂದದ್ದು ಬೇಸಿಗೆಯ ಒಂದು ಮಧ್ಯಾಹ್ನ. ಆಗ ನಾನು ಚನ್ನರಾಯನದುರ್ಗದ ಕಡೆಯ ಬೆಟ್ಟಗಳು ಸೇರಿದ ಶಾಖೆಯಲ್ಲಿ ಉಪ ವಲಯ ಅರಣ್ಯಾಧಿಕಾರಿ. ಜನರ ಬಾಯಲ್ಲಿ ಫಾರೆಸ್ಟರ್ ಮೇಡಂ. ನಮ್ಮಲ್ಲಿಗೆ ರೈತರು ಬರುವುದು ಸಸಿ ಕೇಳಲು, ಇಲ್ಲವೇ ಬೈಯಲು. ಅರ್ಜಿ ಬರೆದು ತರುವವರು ಕಡಿಮೆ. ಇವರು ಬಿಳಿ ಹಾಳೆಯಲ್ಲಿ ಅಂಚು ಬಿಟ್ಟು, ಕರಿಹಲಗೆಯ ಮೇಲೆ ಬರೆದಷ್ಟು ದುಂಡಾಗಿ ಬರೆದು, ಕೆಳಗೆ ಊರಿನ ರೈತರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹನ್ನೊಂದನೇ ಸೆಕ್ಷನ್ ಪ್ರಕಾರ, ಬೆಳೆ ಹಾಳು ಮಾಡುವ ನವಿಲು ಮತ್ತು ಗಿಳಿಗಳ ನಿಯಂತ್ರಣಕ್ಕೆ ಅನುಮತಿ ಕೊಡಬೇಕು ಎಂಬುದು ಅದರ ಸಾರ.

ಅವರು ಹಳ್ಳಿಯ ಪ್ರಾಥಮಿಕ ಶಾಲೆಯ ಮುಖ್ಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೊಲ ಬೆಟ್ಟದ ಬುಡಕ್ಕೇ ಅಂಟಿಕೊಂಡಿತ್ತು. ನಾನು ಅರ್ಜಿ ಓದಿ ಮುಗಿಸುವವರೆಗೂ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಮೇಷ್ಟ್ರೇ, ಗಿಳಿ ವಿಷಯ ಒಂದು ಪಕ್ಷ ಕೇಳಬಹುದು. ನವಿಲಿಂದು ಆಗಲ್ಲ" ಎಂದೆ.

"ಯಾಕಾಗಲ್ಲ ಅಂತ ತಿಳಿಸ್ಕೊಡಿ ಮೇಡಂ."

ತಿಳಿಸಿಕೊಟ್ಟೆ. ಹನ್ನೊಂದನೇ ಸೆಕ್ಷನ್ ನಿಜಕ್ಕೂ ಒಂದು ವಿನಾಯಿತಿಯೇ. ಎರಡನೇ ಅನುಸೂಚಿಯಲ್ಲಿರುವ ಪ್ರಾಣಿ ಪಕ್ಷಿಗಳು ಜನರ ಜೀವಕ್ಕೋ ಆಸ್ತಿಗೋ ಅಪಾಯ ತಂದರೆ ಅವನ್ನು ಹಿಡಿಯಲು, ಹೊಡೆಯಲು ಲಿಖಿತ ಅಪ್ಪಣೆ ಕೊಡಬಹುದು. ಹೊಲದಲ್ಲಿ ನಿಂತ ಬೆಳೆಯೂ ಆಸ್ತಿಯೇ ಎಂದು ಕಾಯ್ದೆಯೇ ಹೇಳುತ್ತದೆ. ಗಿಳಿ ಆ ಅನುಸೂಚಿಯಲ್ಲಿದೆ. ನವಿಲು ಇರುವುದು ಒಂದನೆಯದರಲ್ಲಿ, ಹುಲಿ ಆನೆಗಳ ಸಾಲಿನಲ್ಲಿ. ಅಲ್ಲಿ ಬೆಳೆಯ ಮಾತೇ ಇಲ್ಲ. ಅದು ಮನುಷ್ಯರ ಜೀವಕ್ಕೆ ಎರಗಿರಬೇಕು, ಇಲ್ಲವೇ ವಾಸಿಯಾಗದಷ್ಟು ರೋಗ ಬಿದ್ದೋ ಊನವಾಗಿಯೋ ಇರಬೇಕು.

"ನವಿಲು ಯಾರ ಜೀವಕ್ಕೂ ಎರಗಲ್ಲ" ಎಂದರು ಮೇಷ್ಟ್ರು. "ಕೊಲ್ಲೋ ಮಾತು ನಂದೂ ಅಲ್ಲ. ನಾವು ಬುದ್ಧನಿಗೆ ಕೈ ಮುಗಿಯೋ ಮನೆಯೋರು. ಹಿಡಿದು ದೂರದ ಕಾಡಿಗೆ ಬುಡಿ ಅಂತ ಬರೆದಿದೀನಿ, ಎರಡನೇ ಪುಟ ನೋಡಿ."

"ಓದಿದೆ. ಅದಕ್ಕೆ ಬೇರೆ ಸೆಕ್ಷನ್. ಒಂದನೇ ಅನುಸೂಚಿ ಅಂದ್ರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಬಹಳ ಕಷ್ಟ ಮೇಷ್ಟ್ರೇ, ಸುಮ್ಮನೆ ಆಸೆ ಇಟ್ಕೋಬೇಡಿ."

"ಆಸೆ ಅಲ್ಲ ಮೇಡಂ. ಬಾಯಲ್ಲಿ ಏಳಿದ್ದನ್ನ ಬರವಣಿಗೇಲಿ ಕೊಡಿ. ಹೂಂ ಅಂದ್ರೂ ಸರಿ, ಊಹೂಂ ಅಂದ್ರೂ ಸರಿ." ದನಿ ತಗ್ಗಿಸಿದರು. "ಊರಲ್ಲಿ ಬೇರೆ ಮಾತು ನಡೀತಾ ಐತೆ. ಅಂಗಡೀಲಿ ಔಷಧಿ ಸಿಕ್ತದೆ, ಒಂದು ಹಿಡಿ ಕಾಳಿಗೆ ಬೆರೆಸಿದ್ರೆ ಆಯ್ತು ಅಂತಾರೆ. ನಾನು ತಡೆದಿದೀನಿ. ಕಾನೂನಿನ ಪ್ರಕಾರ ಕೇಳೋಣ, ಉತ್ತರ ಬರೋಗಂಟ ಯಾರೂ ಕೈ ಆಕ್ಬ್ಯಾಡಿ ಅಂದಿದೀನಿ. ಬಿತ್ತನೆಗೆ ಮುಂಚೆ ಒಂದು ಹಿಂಬರಹ ಬಂದ್ರೆ ನನ್ ಮಾತು ಉಳೀತದೆ."

ಅನುಮತಿ ಕೊಡುವ ಅಧಿಕಾರ ನನಗಿರಲಿಲ್ಲ, ನಿರಾಕರಿಸುವ ಅಧಿಕಾರವೂ ಇರಲಿಲ್ಲ. ಎರಡೂ ಬೆಂಗಳೂರಿನ ಮುಖ್ಯ ವನ್ಯಜೀವಿ ಪರಿಪಾಲಕರ ಮಟ್ಟದ್ದು. ಅರ್ಜಿ ತೆಗೆದುಕೊಂಡು, ಮೊಹರು ಒತ್ತಿ, ಸ್ವೀಕೃತಿ ಕೊಟ್ಟೆ. ಅವರು ಅದನ್ನು ಅಂಗಿಯ ಒಳಜೇಬಿಗೆ ಸೇರಿಸಿ, ಕೈ ಮುಗಿದು ಬಸ್ಸಿಗೆ ಹೋದರು.

ಸ್ಥಳ ಪರಿಶೀಲನೆಗೆ ನಾನೂ ನಮ್ಮ ಗಾರ್ಡೂ ಬೆಳಗಾಗುವ ಹೊತ್ತಿಗೆ ಹೋದೆವು. ಮೇಷ್ಟ್ರ ಹೊಲದಲ್ಲಿ ಕೊಳವೆಬಾವಿ ನೀರಿನ ಟೊಮೇಟೊ ಇತ್ತು. ಸುತ್ತ ಹಳೆಯ ಸೀರೆಗಳ ಬೇಲಿ, ಅದರ ಮೇಲೆ ಮಿಂಚುವ ಪಟ್ಟಿ. ಮೇಷ್ಟ್ರ ಹೆಂಡತಿ ಬದುವಿನ ಮೇಲೆ ಕೂತು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದರು. ನಮ್ಮ ಖಾಕಿ ಕಂಡು ಬಡಿಯುವುದನ್ನು ನಿಲ್ಲಿಸಿದರು.

"ನಿಲ್ಲಿಸಿವ್ನಿ, ನೋಡ್ಕಳಿ. ಈಗ ಬತ್ತಾರೆ ನಿಮ್ ನೆಂಟ್ರು."

ಬಂದವು. ಬಂಡೆಗಳ ಸಂದಿಯಿಂದ ಮೊದಲು ಒಂದು ಹೆಣ್ಣು ಇಳಿಯಿತು, ಕತ್ತು ಎತ್ತಿ ನೋಡಿತು. ಅದರ ಹಿಂದೆ ಉಳಿದವು ಕೋಳಿಗಳಂತೆ ಸಲೀಸಾಗಿ ಸೀರೆಯ ಕೆಳಗೆ ನುಸುಳಿದವು. ಒಂದು ಹಣ್ಣನ್ನೂ ಪೂರ್ತಿ ತಿನ್ನಲಿಲ್ಲ. ಒಂದಕ್ಕೆ ಒಂದು ಕುಕ್ಕು, ಮುಂದಿನದಕ್ಕೆ ಇನ್ನೊಂದು. ಕುಕ್ಕಿದ ಹಣ್ಣು ಮಾರುಕಟ್ಟೆಗೆ ಹೋಗುವಂತಿಲ್ಲ. ಗಾರ್ಡ್ ಚಪ್ಪಾಳೆ ತಟ್ಟಿದ. ಹಕ್ಕಿಗಳು ನಾಲ್ಕು ಹೆಜ್ಜೆ ಆಚೆ ಸರಿದು ಮತ್ತೆ ಕುಕ್ಕತೊಡಗಿದವು.

"ಮೊದ್ಲು ಪಟಾಕಿ ಹೊಡೆದ್ರೆ ಬೆಟ್ಟ ಹತ್ತೋವು ಕಣಮ್ಮ" ಎಂದರು ಆಕೆ. "ಈಗ ಪಟಾಕಿ ಸದ್ದಾದ್ರೆ ಜನ ಬಂದವ್ರೆ, ಹೊಲದಾಗೆ ಏನೋ ಐತೆ ಅಂತ ತಿಳ್ಕತಾವೆ. ನಾನು ಮೇಷ್ಟ್ರಿಗೆ ಏಳ್ದೆ, ಅರ್ಜಿ ಗಿರ್ಜಿ ಬ್ಯಾಡ, ಸುಮ್ಕಿರಿ, ಸರ್ಕಾರಕ್ಕೆ ನಮ್ ಹೆಸ್ರು ಗೊತ್ತಾಗದು ಬ್ಯಾಡ ಅಂತ. ಕೇಳ್ಬೇಕಲ್ಲ?"

ಅಕ್ಕಪಕ್ಕದ ಹೊಲಗಳನ್ನೂ ನೋಡಿದೆ. ಎಲ್ಲ ಕಡೆ ಅದೇ ಕಥೆ. ಒಂದು ಹೊಲದ ಯಜಮಾನ, ಮೂವತ್ತರ ಆಸುಪಾಸಿನವನು, ನಾನು ಅಳತೆ ಬರೆದುಕೊಳ್ಳುವುದನ್ನು ನೋಡುತ್ತ ನಿಂತಿದ್ದ. "ಮೇಷ್ಟ್ರು ನಮಗೂ ಮೇಷ್ಟ್ರೇ ಮೇಡಂ, ಅವ್ರ ಕೈಲೇ ಅ ಆ ಕಲ್ತಿದ್ದು. ಅದ್ಕೇ ಸುಮ್ಕಿದೀವಿ. ಎಷ್ಟ್ ದಿನ ಅಂತ ಇರದು?" ಎಂದ. ಅದರಲ್ಲಿ ಬೆದರಿಕೆ ಇರಲಿಲ್ಲ. ಸುಸ್ತು ಇತ್ತು.

ವರದಿಯನ್ನು ಮನಸ್ಸಿಟ್ಟು ಬರೆದೆ. ಹಾನಿ ನಿಜ, ಕಣ್ಣಾರೆ ಕಂಡಿದ್ದೇನೆ. ಗಿಳಿಗಳಿಗೆ ಹನ್ನೊಂದನೇ ಸೆಕ್ಷನ್ ಅನ್ವಯಿಸಬಹುದು. ನವಿಲಿಗೆ ಅನ್ವಯಿಸದು, ಆದರೆ ಹನ್ನೆರಡನೆಯದರಲ್ಲಿ ಕೊಲ್ಲದೆ ಹಿಡಿದು ಬೇರೆ ಸೂಕ್ತ ಜಾಗಕ್ಕೆ ಸಾಗಿಸಲು ಅವಕಾಶವಿದೆ. ಅರ್ಜಿದಾರರು ನವಿಲಿನಿಂದ ಸತತವಾಗಿ ತೀವ್ರ ನಷ್ಟ ಅನುಭವಿಸುತ್ತಿದ್ದಾರೆ. ಗ್ರಾಮದಲ್ಲಿ ಅಸಮಾಧಾನ ಹೆಚ್ಚುತ್ತಿರುವುದರಿಂದ ಬಿತ್ತನೆಗೆ ಮುಂಚೆ ಉತ್ತರ ಕೊಡುವುದು ಒಳಿತು. ನಮ್ಮ ರೇಂಜರ್ ಸಾಹೇಬರು ಓದಿ, "ಯಾಕ್ರೀ ಇಷ್ಟುದ್ದ? 'ಪರಿಶೀಲಿಸಬಹುದು' ಅಂತ ಒಂದು ಸಾಲು ಸಾಕಿತ್ತು" ಎಂದರು. ಆದರೂ ಸಹಿ ಹಾಕಿ ಮೇಲಕ್ಕೆ ಕಳಿಸಿದರು.

ಕಡತ ಹೋದಷ್ಟೇ ಬೇಗ ವಾಪಸ್ ಬಂತು. ನವಿಲುಗಳ ಸಂಖ್ಯೆ ಎಷ್ಟು ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ನವಿಲು ಸಂಜೆ ಒಂದೇ ಮರಕ್ಕೆ ಮರಳುತ್ತದೆ. ಹಾಗಾಗಿ ನಾನು, ಗಾರ್ಡ್ ಹಲವು ಸಂಜೆ ಬೆಟ್ಟದ ಬೇರೆ ಬೇರೆ ಮಗ್ಗುಲಲ್ಲಿ ಕೂತು, ಹತ್ತಿ ಕೂರುವುದನ್ನು ಎಣಿಸಿ ಕಳಿಸಿದೆವು. ಎರಡನೇ ಸಲ ಬಂದ ಪ್ರಶ್ನೆ ಕಷ್ಟದ್ದು: ಸಾಗಿಸುವ ಜಾಗ ಗುರುತಿಸಲಾಗಿದೆಯೇ, ಅಲ್ಲಿನವರ ಒಪ್ಪಿಗೆ ಪಡೆಯಲಾಗಿದೆಯೇ? ಗೊತ್ತಿದ್ದ ಕಡೆಗೆಲ್ಲ ಫೋನ್ ಮಾಡಿದೆ. ಶಿರಾ ಕಡೆ ಕೆಲಸ ಮಾಡುತ್ತಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನಕ್ಕುಬಿಟ್ಟರು. "ನಮ್ಮ ಕಡ್ಲೆಕಾಯಿ ಹೊಲದಲ್ಲಿರೋವ್ನೇ ನೀವು ತಗೊಂಡೋಗಿ ಮೇಡಂ, ಪುಣ್ಯ ಬರುತ್ತೆ." ಮಧುಗಿರಿ ಕಡೆಯವರೂ ಅದನ್ನೇ ಬೇರೆ ಮಾತಲ್ಲಿ ಹೇಳಿದರು. ಯಾರ ಹತ್ತಿರವೂ ನವಿಲಿಗೆ ಕೊರತೆ ಇರಲಿಲ್ಲ. ಪ್ರಯತ್ನ ನಡೆದಿದೆ ಎಂದು ಬರೆದು ಕಳಿಸಿದೆ. ಆಮೇಲೆ ಮೇಲಿನಿಂದ ಸದ್ದಿಲ್ಲ.

ಮೇಷ್ಟ್ರು ಸಂತೆಗೆ ಬಂದಾಗಲೆಲ್ಲ ಕಚೇರಿಗೆ ಬರುತ್ತಿದ್ದರು. ಒಳಗೆ ಬಂದು ಕೂರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಮುಖ ನೋಡುತ್ತಿದ್ದರು. ನಾನು ತಲೆ ಆಡಿಸಿದರೆ, "ಆಗ್ಲಿ ಮೇಡಂ" ಎಂದು ಹೊರಡುತ್ತಿದ್ದರು.

ಮುಂಗಾರು ಹದವಾಗಿ ಹಿಡಿಯಿತು. ಊರವರೆಲ್ಲ ಕಡ್ಲೆಕಾಯಿ ಹಾಕಿದರು. ನಾನು ಬೇರೆ ಕೆಲಸದ ಮೇಲೆ ಆ ದಾರಿಯಲ್ಲಿ ಹೋದಾಗ ನೋಡಿದೆ: ಬೀಜ ಬಿದ್ದ ಸಾಲುಗಳ ಉದ್ದಕ್ಕೂ ನವಿಲುಗಳು ತಲೆ ತಗ್ಗಿಸಿ ನಡೆಯುತ್ತಿದ್ದವು, ಸಾಲು ತಪ್ಪದೆ, ಪಾಠ ಒಪ್ಪಿಸುವಂತೆ. ಮೊಳಕೆ ಬರಬೇಕಿದ್ದ ಕಡೆ ಸಣ್ಣ ಸಣ್ಣ ಗುಳಿಗಳು. ಕೆಲವರು ಮತ್ತೆ ಬಿತ್ತಿದರು. ಅದನ್ನೂ ಹೆಕ್ಕಿದವು. ಆ ದಿನ ಊರ ಬಸ್ ನಿಲ್ದಾಣದಲ್ಲಿ ಮೇಷ್ಟ್ರು ನಿಂತಿದ್ದರು. ಕಲ್ಲುಬೆಂಚಿನ ಮೇಲೆ ಕೂತಿದ್ದ ಯಾರೋ, "ಏನಾಯ್ತು ಮೇಷ್ಟ್ರೇ, ನಿಮ್ ಕಾನೂನು ಬಸ್ ಹತ್ತಿದ್ಯೋ ಇಲ್ವೋ?" ಎಂದರು. ಉಳಿದವರು ನಕ್ಕರು. ಮೇಷ್ಟ್ರು ನನ್ನ ಜೀಪು ಕಂಡೂ ಕಾಣದಂತೆ ಮುಖ ತಿರುಗಿಸಿದರು. ನನ್ನ ಜೊತೆ ಮಾತಾಡುವುದನ್ನು ಊರವರು ನೋಡಬಾರದು ಎಂದಿರಬೇಕು.

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. ಬೆಳಿಗ್ಗೆ ಗಾರ್ಡ್ ಫೋನ್ ಮಾಡಿದ. "ಮೇಡಂ, ಮೇಷ್ಟ್ರ ಹೊಲಕ್ಕೆ ಬನ್ನಿ. ಹಕ್ಕಿ ಬಿದ್ದೋಗವೆ."

ಕೊಳವೆಬಾವಿಯ ಪಕ್ಕದ ನೀರಿನ ತೊಟ್ಟಿಯ ಸುತ್ತ ಬಿದ್ದಿದ್ದವು. ಹೆಣ್ಣುಗಳೇ ಹೆಚ್ಚು. ಒಂದು ಗಂಡಿನ ಬಾಲ ತೊಟ್ಟಿಯ ಅಂಚಿನಿಂದ ನೀರಿಗೆ ಇಳಿಬಿದ್ದಿತ್ತು. ಒಂದಕ್ಕೆ ಇನ್ನೂ ಜೀವವಿತ್ತು. ರೆಕ್ಕೆ ನೆಲಕ್ಕೆ ಹರವಿ, ಬಾಯಿ ತೆರೆದು ನಡುಗುತ್ತಿತ್ತು. ನಾನು ಹತ್ತಿರ ಕೂರುವಷ್ಟರಲ್ಲಿ ಆ ನಡುಕವೂ ನಿಂತಿತು. ಊರು ಅರ್ಧ ಅಲ್ಲೇ ನೆರೆದಿತ್ತು, ಎಲ್ಲರ ಕೈಯಲ್ಲೂ ಫೋನ್. ಮೇಷ್ಟ್ರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಇಂಥ ಕಡೆ ಮೊದಲ ಕೆಲಸ ಮಹಜರು. ಏನು ಎಲ್ಲಿ ಹೇಗೆ ಬಿದ್ದಿದೆ ಎಂದು ಸಾಕ್ಷಿಗಳ ಎದುರು ಬರೆಯಬೇಕು. ಪಂಚರಾಗಿ ಸಹಿ ಹಾಕಲು ಯಾರು ಬರುತ್ತೀರಿ ಎಂದು ಕೇಳಿದೆ. ಜನ ಒಬ್ಬರ ಹಿಂದೆ ಒಬ್ಬರು ಸರಿದರು. ಮೇಷ್ಟ್ರು ಮುಂದೆ ಬಂದು, "ನಾನು ಹಾಕ್ತೀನಿ ಮೇಡಂ" ಎಂದರು.

"ನಿಮ್ಮ ಹೊಲ ಮೇಷ್ಟ್ರೇ. ನೀವು ಹಾಕೋ ಹಾಗಿಲ್ಲ."

ಅವರಿಗೆ ಅದು ಆಗ ಹೊಳೆಯಿತು ಎಂದು ಕಾಣುತ್ತದೆ. ಹಿಂದಕ್ಕೆ ಹೆಜ್ಜೆ ಇಟ್ಟು ಬದುವಿನ ಮೇಲೆ ಕೂತುಬಿಟ್ಟರು. ಪಂಚರನ್ನು ಪಕ್ಕದ ಊರಿನಿಂದ ಕರೆಸಬೇಕಾಯಿತು.

ಅಷ್ಟರಲ್ಲಿ ವೀಡಿಯೊ ಊರೂರು ಸುತ್ತಿ, ರಾಷ್ಟ್ರಪಕ್ಷಿಯ ಮಾರಣಹೋಮ ಎಂಬ ತಲೆಬರಹ ಹೊತ್ತು ನನ್ನ ಫೋನಿಗೇ ಬಂತು. ಅದರ ಬೆನ್ನಿಗೇ ರೇಂಜರ್ ಸಾಹೇಬರು ಜೀಪಿನಲ್ಲಿ ಬಂದರು. ಸುತ್ತ ಒಮ್ಮೆ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಅರ್ಜಿ ಕೊಟ್ಟಿದ್ದು ಇವರೇ ತಾನೆ?"

"ಹೌದು ಸರ್."

"ಹೊಲ ಇವರದು, ತೊಟ್ಟಿ ಇವರದು. ನವಿಲಿಂದ ತಡೆಯೋಕಾಗ್ತಿಲ್ಲ ಅಂತ ಇವರೇ ಬರ್ಕೊಟ್ಟಿದಾರೆ. ನೀವೂ ಹೌದು ಅಂತ ವರದಿ ಕೊಟ್ಟಿದೀರ. ಇನ್ನೇನು ಬೇಕ್ರೀ?"

"ಸರ್, ಅರ್ಜಿ ಕೊಟ್ಟಿರೋದೇ ವಿಷ ಹಾಕಬಾರದು ಅಂತ."

"ಕೋರ್ಟಲ್ಲಿ ಅದನ್ನ ಅವರ ಲಾಯರ್ ಹೇಳ್ಲಿ. ವಿಚಾರಣೆಗೆ ಕರ್ಕೊಂಡು ಹೋಗ್ತೀನಿ, ನೀವು ಇಲ್ಲಿ ಮುಗಿಸಿ ಬನ್ನಿ."

ಮೇಷ್ಟ್ರು ಎದ್ದು, ಒಗೆದ ಅಂಗಿ ತರಿಸಿ ಹಾಕಿಕೊಂಡು, ತಾವೇ ಜೀಪು ಹತ್ತಿದರು. ಅವರ ಹೆಂಡತಿ ಜೀಪಿನ ಕಂಬಿ ಹಿಡಿದು ನಿಂತರು. "ಎಲ್ಲಿಗೆ ಕರ್ಕಂಡೋಯ್ತೀರ ಅವ್ರನ್ನ? ಊರ್ನೋರೆಲ್ಲ ಸಹಿ ಹಾಕವ್ರೆ, ಅವ್ರೊಬ್ರೇ ಏನ್ ಮಾಡುದ್ರು? ಏಳ್ರಲಾ, ಯಾರಾದ್ರೂ ಏಳ್ರಲಾ!" ಯಾರೂ ಹೇಳಲಿಲ್ಲ. ಒಬ್ಬ ಮಾತ್ರ ಫೋನ್ ಕೆಳಗಿಳಿಸಿದ.

ಪಶುವೈದ್ಯರು ಬಂದು ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮರಣೋತ್ತರ ಪರೀಕ್ಷೆ ಶುರು ಮಾಡಿದರು. ಗಂಟಲ ಕೆಳಗಿನ ಕಾಳಿನ ಚೀಲ ಸೀಳಿದಾಗ ಮೂಗಿಗೆ ಬಡಿದ ವಾಸನೆ ಹೊಲಕ್ಕೆ ಔಷಧಿ ಹೊಡೆದವರೆಲ್ಲ ಬಲ್ಲ ವಾಸನೆಯೇ. ಒಳಗಿದ್ದದ್ದು ಇಡೀ ಇಡೀ ಮುಸುಕಿನ ಜೋಳದ ಕಾಳು. ಎರಡನೆಯದರಲ್ಲೂ ಜೋಳ, ಮೂರನೆಯದರಲ್ಲೂ ಜೋಳ.

"ಇಲ್ಲಿ ಏನು ಬಿತ್ತಿದಾರೆ?" ವೈದ್ಯರು ಕೇಳಿದರು.

"ಕಡ್ಲೆಕಾಯಿ. ಈ ಊರಲ್ಲಿ ಈಗ ಎಲ್ಲರದೂ ಕಡ್ಲೆಕಾಯಿ."

"ಹಾಗಾದ್ರೆ ಇದು ಬಿತ್ತನೆ ಬೀಜ ತಿಂದು ಸತ್ತಿದ್ದಲ್ಲ. ಯಾರೋ ಬೇಕಂತ ಇಟ್ಟಿದಾರೆ. ಇಲ್ಲೇ ಇಟ್ಟಿದಾರೆ ಅಂತಲೂ ಹೇಳೋಕಾಗಲ್ಲ. ಈ ವಿಷ ಹೊಟ್ಟೆಗೆ ಹೋದ್ರೆ ಒಳಗೆ ಉರಿ ಏಳುತ್ತೆ. ಎಲ್ಲಿ ತಿಂದಿದ್ರೂ ನೀರಿದ್ದ ಕಡೆ ಓಡಿ ಬರ್ತವೆ."

ಕರುಳು, ಪಿತ್ತಜನಕಾಂಗದ ಚೂರುಗಳನ್ನು ಉಪ್ಪಿನ ನೀರು ತುಂಬಿದ ಗಾಜಿನ ಬಾಟಲಿಗಳಿಗೆ ಹಾಕಿ, ಬಟ್ಟೆ ಸುತ್ತಿ, ಅರಗು ಕರಗಿಸಿ ಮೊಹರು ಮಾಡಿದೆವು. ಆಮೇಲೆ ಗಾರ್ಡ್ ಜೊತೆ ಬೆಟ್ಟದ ಬುಡ ಹುಡುಕುತ್ತ ಹೊರಟೆ. ಮೇಷ್ಟ್ರ ಬೇಲಿ ದಾಟಿ, ದನ ಮೇಯುವ ಗೋಮಾಳ ದಾಟಿ, ನವಿಲುಗಳು ಇಳಿದುಬರುವ ಬಂಡೆಯ ಹತ್ತಿರ ಸಿಕ್ಕಿತು. ಒಣ ಎಲೆಗಳ ಮೇಲೆ ಚೆಲ್ಲಿದ ಜೋಳ. ಪಕ್ಕದಲ್ಲಿ ಸತ್ತ ಬೆಳವ, ಎರಡು ಗೊರವಂಕ. ಆ ಬಂಡೆಗೆ ಊರಿನ ಯಾವ ಹೊಲದಿಂದಲೂ ಕಾಲುದಾರಿ ಇತ್ತು. ಫೋಟೋ ತೆಗೆದು, ಕಾಳು ಆರಿಸಿ, ಅದಕ್ಕೂ ಮಹಜರು ಬರೆದೆ.

ಹಕ್ಕಿಗಳನ್ನು ಪಂಚರ ಎದುರು ಸುಡಬೇಕು, ಒಂದು ಗರಿಯೂ ಉಳಿಯಬಾರದು. ಸೌದೆ ಒಟ್ಟುವಾಗ ಒಬ್ಬ ಅಜ್ಜಿ ಬಂದು, "ಒಂದ್ ಗರಿ ಕೊಡವ್ವ, ದೇವ್ರ ಮನೇಗಿಕ್ತೀನಿ" ಎಂದಳು. ಆಗಲ್ಲ ಅಜ್ಜಿ ಎಂದೆ. ಬೆಂಕಿ ಹತ್ತಿದಾಗ ಆ ನೀಲಿ, ಹಸಿರು ಎಲ್ಲ ಒಂದೇ ಗಳಿಗೆಯಲ್ಲಿ ಕರ್ರಗೆ ಮುದುಡಿತು. ಕೂದಲು ಸುಟ್ಟ ವಾಸನೆ ಸಂಜೆಯವರೆಗೂ ಬಟ್ಟೆ ಬಿಡಲಿಲ್ಲ.

ಕಚೇರಿಗೆ ಮರಳಿದಾಗ ಮೇಷ್ಟ್ರು ವರಾಂಡದ ಬೆಂಚಿನ ಮೇಲೆ, ಅದೇ ರೀತಿ ತುದಿಯಲ್ಲಿ ಕೂತಿದ್ದರು. ಮುಂದಿದ್ದ ಊಟದ ಪೊಟ್ಟಣ ಬಿಚ್ಚಿರಲಿಲ್ಲ. ಒಳಗೆ ರೇಂಜರ್ ಸಾಹೇಬರ ಫೋನ್ ಒಂದೇ ಸಮನೆ ರಿಂಗಾಗುತ್ತಿತ್ತು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಬಂಧನ ಆಯಿತೇ?

ಜೋಳದ ವಿಷಯ, ಬಂಡೆಯ ವಿಷಯ ಹೇಳಿದೆ. ಅವರು ಕೇಳಿಸಿಕೊಂಡರು. ಮೇಷ್ಟ್ರನ್ನು ಒಳಗೆ ಕರೆಸಿದರು.

"ನೋಡಿ ಮೇಷ್ಟ್ರೇ, ನೀವು ಮಾಡಿಲ್ಲ ಅಂತಲೇ ಇಟ್ಕೊಳ್ಳೋಣ. ಯಾರು ಅಂತ ನಿಮಗೆ ಗೊತ್ತಿರುತ್ತೆ. ಒಂದು ಹೆಸರು ಬರ್ಕೊಟ್ಟು ಮನೆಗೆ ಹೋಗಿ."

"ಅನುಮಾನ ಐತೆ ಸರ್. ಕಣ್ಣಲ್ಲಿ ಕಂಡಿಲ್ಲ. ಕಾಣದ್ದನ್ನ ಬರ್ಕೊಡಕ್ಕೆ ನನ್ ಕೈಲಾಗಲ್ಲ."

"ಹೆಸರು ಹೇಳದೆ ಇದ್ರೆ ನಿಮ್ಮ ಹೆಸರೇ ಬರುತ್ತೆ."

"ಅದು ನಿಮ್ಮ ಕೈಲಿರೋದು ಸರ್."

ಅವರು ಹೊರಗೆ ಹೋದ ಮೇಲೆ ರೇಂಜರ್ ಸಾಹೇಬರು ನನ್ನ ಮುಂದೆ ಖಾಲಿ ಪ್ರಥಮ ವರ್ತಮಾನ ವರದಿ ಇಟ್ಟರು. ಮೊಕದ್ದಮೆ ದಾಖಲಿಸಬೇಕಾದವಳು ನಾನು. ವರದಿ ಅಂದೇ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಒಂದನೇ ಅನುಸೂಚಿಯ ಪ್ರಾಣಿ ಪಕ್ಷಿಗೆ ವಿಷವಿಟ್ಟರೆ ಅದೂ ಬೇಟೆಯೇ. ಅಪರಾಧ ಸಾಬೀತಾದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಜಾಮೀನೂ ಸುಲಭವಲ್ಲ. ಸಂಬಂಧಿಸಿದ ಕಡತ ಎಂದು ಮೇಜಿನ ಮೇಲೆ ನನ್ನದೇ ಸ್ಥಳ ಪರಿಶೀಲನಾ ವರದಿ ತೆರೆದಿತ್ತು. 'ಅರ್ಜಿದಾರರು ನವಿಲಿನಿಂದ ಸತತವಾಗಿ ತೀವ್ರ ನಷ್ಟ ಅನುಭವಿಸುತ್ತಿದ್ದಾರೆ.' ಅವರಿಗೆ ನೆರವಾಗಲಿ ಎಂದು ಒತ್ತಿ ಬರೆದ ಒಂದೊಂದು ಸಾಲೂ ಈಗ ಅವರಿಗೆ ವಿಷ ಇಡಲು ಕಾರಣವಿತ್ತು ಎಂದು ಸಾಕ್ಷಿ ನುಡಿಯುವಂತಿತ್ತು. ಕಾನೂನನ್ನು ಕೇಳಲು ಬಂದವರು ಊರಿಗೆಲ್ಲ ಅವರೊಬ್ಬರೇ. ಹಾಗಾಗಿ, ಕೆಳಗೆ ಎಷ್ಟೇ ಸಹಿ ಇದ್ದರೂ, ಅರ್ಜಿದಾರರೆಂದು ಕಾನೂನಿಗೆ ಗೊತ್ತಿದ್ದ ಹೆಸರೂ ಅವರೊಬ್ಬರದೇ.

ಆರೋಪಿಯ ಹೆಸರು ಎಂದಿದ್ದ ಕಡೆ 'ಅಪರಿಚಿತರು' ಎಂದು ಬರೆದೆ. ಸಿಕ್ಕ ವಿಷ, ಸಿಕ್ಕ ಜಾಗ, ವೈದ್ಯರ ಮಾತು ಎಲ್ಲ ಬರೆದು ಸಹಿ ಮಾಡಿದೆ.

ರೇಂಜರ್ ಸಾಹೇಬರು ಗದರಲಿಲ್ಲ. "ನಿಮ್ಮ ಕೈಬರಹ, ನಿಮ್ಮ ಸಹಿ. ನಾಳೆ ಮೇಲಿನವರಿಗೆ ಉತ್ತರ ಹೇಳೋರೂ ನೀವೇ" ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡರು.

ಆ ಹೊತ್ತಿಗೆ ಊರಿಗೆ ಬಸ್ಸು ಇರಲಿಲ್ಲ. ಮೇಷ್ಟ್ರನ್ನು ನಮ್ಮ ಜೀಪಿನಲ್ಲೇ ಬಿಟ್ಟು ಬರಲು ಕಳಿಸಿದೆ. ವಯಸ್ಸಾದವರು, ಬೆಳಗಿನಿಂದ ಊಟವಿಲ್ಲದವರು, ಮತ್ತೇನು ಮಾಡಬೇಕಿತ್ತು?

ಊರು ಅದನ್ನು ಬೇರೆ ರೀತಿ ಓದಿತು. ಬೆಳಿಗ್ಗೆ ಹಿಡಿದುಕೊಂಡು ಹೋದವರನ್ನು ಸಂಜೆಗೆ ಫಾರೆಸ್ಟಿನವರೇ ಮನೆಬಾಗಿಲಿಗೆ ತಂದು ಬಿಡುತ್ತಾರೆಂದರೆ, ಹೆಸರು ಹೇಳಿಯೇ ಬಂದಿರಬೇಕು. ಮರುದಿನ ನಾವು ವಿಚಾರಣೆಗೆಂದು ನಾಲ್ಕಾರು ಜನರನ್ನು ಮಾತಾಡಿಸಿದ್ದು ಆ ಅನುಮಾನಕ್ಕೆ ಮೊಳೆ ಹೊಡೆಯಿತು. ನಾವು ಎಲ್ಲರನ್ನೂ ಕೇಳುತ್ತಿದ್ದೆವು. ಪ್ರಶ್ನೆಗೊಳಗಾದ ಪ್ರತಿಯೊಬ್ಬನೂ ತನ್ನ ಹೆಸರನ್ನು ಮೇಷ್ಟ್ರೇ ಕೊಟ್ಟರು ಎಂದುಕೊಂಡ. ಅವರ ಕೈಯಲ್ಲಿ ಅಕ್ಷರ ಕಲಿತವನೆಂದು ಹೇಳಿದ್ದ ಆ ಪಕ್ಕದ ಹೊಲದವನು ನನ್ನ ಮುಂದೆ ಕೂತು, "ಔರ್ನೇ ಕೇಳಿ ಮೇಡಂ, ಎಲ್ಲಾ ಬರ್ದು ಮಡಗ್ತಾರಲ್ಲ ಔರು" ಎಂದ. ಅವನ ಮೇಲೆ ನನಗೆ ಅನುಮಾನ ಹುಟ್ಟಿತು. ಅನುಮಾನ ಅಷ್ಟೇ. ನಾನೂ ಕಣ್ಣಲ್ಲಿ ಕಂಡಿರಲಿಲ್ಲ.

ಸ್ವಲ್ಪ ದಿನದಲ್ಲಿ ಯಾರೋ ಮೇಷ್ಟ್ರ ಹೊಲದ ಹನಿ ನೀರಾವರಿ ಪೈಪುಗಳನ್ನು ಉದ್ದಕ್ಕೂ ಕೊಯ್ದು ಹಾಕಿದರು. ಪೊಲೀಸ್ ದೂರು ಕೊಡಿ ಎಂದು ನಾನು ಹೇಳಿ ಕಳಿಸಿದೆ. ಅವರು ಕೊಡಲಿಲ್ಲ. ಇಷ್ಟು ಕಾಲ ಎಲ್ಲವನ್ನೂ ಬರವಣಿಗೆಯಲ್ಲೇ ಕೇಳುತ್ತಿದ್ದ ಮನುಷ್ಯ ಆ ಸಲ ಒಂದು ಸಾಲೂ ಬರೆಯಲಿಲ್ಲ.

ಪ್ರಯೋಗಾಲಯದ ವರದಿ ಬರುವ ಹೊತ್ತಿಗೆ ಕಡ್ಲೆಕಾಯಿ ಕೀಳುವ ಕಾಲವೂ ಮುಗಿದಿತ್ತು. ವೈದ್ಯರು ಹೇಳಿದ್ದೇ ಅದರಲ್ಲಿತ್ತು: ಯಾವ ಊರಿನ ಅಂಗಡಿಯಲ್ಲೂ ಸಿಗುವ ಕೀಟನಾಶಕ. ಯಾರು ಕೊಂಡರು, ಯಾರು ಬೆರೆಸಿದರು ಎಂಬುದಕ್ಕೆ ಒಬ್ಬ ಸಾಕ್ಷಿಯೂ ಇಲ್ಲ. ಆರೋಪಿ ಪತ್ತೆಯಾಗಿಲ್ಲ ಎಂದು ನ್ಯಾಯಾಲಯಕ್ಕೆ ಬರೆದುಕೊಟ್ಟೆವು. ತನಿಖೆಯಲ್ಲಿ ನಿರ್ಲಕ್ಷ್ಯ ಎಂದು ನನಗೆ ನೋಟಿಸು ಬಂತು, ಉತ್ತರಿಸಿದೆ. ಆಮೇಲೆ ಪಾವಗಡದ ಕಡೆಗೆ ವರ್ಗವಾಯಿತು.

ಜವಾಬ್ದಾರಿ ವಹಿಸಿಕೊಡುವ ವಾರದಲ್ಲಿ ಟಪಾಲಿನಲ್ಲಿ ಮೇಷ್ಟ್ರ ಅರ್ಜಿಗೆ ಹಿಂಬರಹ ಬಂತು. ಗಾರ್ಡ್ ಕೈಲಿ ಕಳಿಸಬಹುದಿತ್ತು. ನಾನೇ ತೆಗೆದುಕೊಂಡು ಹೋದೆ.

ಮೇಷ್ಟ್ರು ಜಗುಲಿಯಲ್ಲಿದ್ದರು. ಸ್ವೀಕೃತಿಗೆ ಸಹಿ ಮಾಡಿ, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೂ ಓದಿದರು. ಒಂದೇ ಪುಟ. ನವಿಲು ಒಂದನೇ ಅನುಸೂಚಿಯಲ್ಲಿರುವುದರಿಂದ ಕೋರಿಕೆಗೆ ಅವಕಾಶವಿಲ್ಲ. ಗಿಳಿಗಳ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸುವು​ದು.

"ಏನಂತೆ?" ಒಳಗಿನಿಂದ ಅವರ ಹೆಂಡತಿ ಕೇಳಿದರು.

"ಆಗಲ್ಲ ಅಂತೆ."

"ಅಷ್ಟೇಯಾ?"

"ಅಷ್ಟೇ."

ಆಕೆ ಹೊರಗೆ ಬಂದು ನನ್ನ ಮುಂದೆ ಕಾಫಿ ಲೋಟ ಇಟ್ಟರು. ನನ್ನ ಮುಖ ನೋಡಲಿಲ್ಲ. "ಇವ್ರಿಗೆ ಊರಾಗೆ ಈಗ ಯಾರೂ ನಮಸ್ಕಾರ ಏಳಲ್ಲ ಕಣಮ್ಮ" ಎಂದರು. "ಸಣ್ ಮಕ್ಳೂ ಏಳಲ್ಲ. ಅದೊಂದು ಬರ್ಕೊಡಿ ನಿಮ್ ಕಾಗ್ದದಾಗೆ."

"ಸುಮ್ಕಿರೇ" ಎಂದರು ಮೇಷ್ಟ್ರು. ನನ್ನ ಕಡೆ ತಿರುಗಿ, ಹೊಲಕ್ಕೆ ಹೆಬ್ಬೇವು ಹಾಕಬೇಕೆಂದಿದ್ದೇನೆ, ನಿಮ್ಮ ನರ್ಸರಿಯಲ್ಲಿ ಸಸಿ ಸಿಗುತ್ತದೆಯೇ ಎಂದು ವಿಚಾರಿಸಿದರು. ಮರ ಬೆಳೆದರೆ ಕುಕ್ಕಲು ಏನೂ ಇರುವುದಿಲ್ಲ, ಕಾಯಲು ಯಾರೂ ಬೇಕಿಲ್ಲ. ಸಿಗುತ್ತದೆ ಎಂದೆ. ಕಾಫಿ ಕುಡಿದು ಎದ್ದೆ. ಬೆಟ್ಟದ ಕಡೆಯಿಂದ ನವಿಲಿನ ಕೂಗು ಕೇಳುತ್ತಿತ್ತು, ಮೊದಲಿನಷ್ಟಲ್ಲ. ಆಮೇಲೆ ಆ ಊರಲ್ಲಿ ಸತ್ತ ಹಕ್ಕಿ ಸಿಕ್ಕಿತೆಂಬ ಸುದ್ದಿ ಇಲ್ಲ. ಹಕ್ಕಿ ಸಾಯುತ್ತಿಲ್ಲ ಎಂದು ಅದರರ್ಥವಲ್ಲ ಎಂದು ಗಾರ್ಡ್ ಫೋನಿನಲ್ಲಿ ಹೇಳುತ್ತಿದ್ದ. ಹೂಳುವುದನ್ನು ಜನ ಕಲಿತಿದ್ದರು.

ಪಾವಗಡದ ಕಡೆಗೆ ಬಂದ ಮುಂದಿನ ಮುಂಗಾರಿನಲ್ಲಿ, ಒಬ್ಬ ರೈತ ಕಚೇರಿಗೆ ಬಂದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಮಡಿಸಿದ ಹಾಳೆ.

"ನಮಸ್ಕಾರ ಮೇಡಂ. ನೆಮಳ್ಳ ಕಾಟ ಎಕ್ಕುವ ಆಗೈತೆ. ಹೊಲದಾಗ ಒಂದು ಗಿಂಜ ಉಳಿಸ್ತಿಲ್ಲ." ಅಲ್ಲಿನ ಕನ್ನಡದಲ್ಲಿ ತೆಲುಗು ಬೆರೆತೇ ಬರುತ್ತದೆ, ನೆಮಲಿ ಎಂದರೆ ನವಿಲು, ಎಕ್ಕುವ ಎಂದರೆ ಹೆಚ್ಚು, ಗಿಂಜ ಎಂದರೆ ಕಾಳು. "ಅರ್ಜಿ ಕೊಟ್ರೆ ಗೌರ್ಮೆಂಟಿಂದ ಪರ್ಮಿಷನ್ ಕೊಡ್ತಾರಂತ ಯಾರೋ ಚೆಪ್ಪಿದ್ರು."

ಕೂರಿಸಿ, ಕಾಯ್ದೆ ಏನು ಹೇಳುತ್ತದೆ ಎಂದು ಹೇಳಿದೆ. ನವಿಲಿಗೆ ವಿನಾಯಿತಿ ಇಲ್ಲ, ಉತ್ತರ ಬರಲು ತಡವಾಗುತ್ತದೆ, ಬಂದರೂ ಆಗಲ್ಲ ಎಂದೇ ಬರುತ್ತದೆ. ಅವನು ತಲೆ ಆಡಿಸುತ್ತ ಕೇಳಿದ. ಆದರೂ ಹಾಳೆಯನ್ನು ನನ್ನ ಕಡೆ ಚಾಚಿದ.

"ತಗೊಳ್ತೀನಿ, ತಗೊಳ್ಳೋದು ನನ್ನ ಕೆಲಸ" ಎಂದೆ. "ಆದ್ರೆ ಒಂದು ವಿಷಯ ತಿಳ್ಕೊಳ್ಳಿ. ನಾಳೆ ನಿಮ್ಮ ಹೊಲದ ಹತ್ತಿರ ಯಾರು ಏನೇ ಮಾಡಿದ್ರೂ, ಕಚೇರಿಗೆ ಮೊದಲು ನೆನಪಾಗೋದು ಈ ಅರ್ಜಿಯಲ್ಲಿರೋ ಹೆಸರು."

ಅವನ ಕೈ ಗಾಳಿಯಲ್ಲೇ ನಿಂತಿತು. ನನ್ನ ಮುಖ ನೋಡಿದ, ಹಾಳೆ ನೋಡಿದ. ಮೆಲ್ಲಗೆ ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡ.

"ಅಂಗಂದ್ರೆ ಬ್ಯಾಡ ಬುಡಿ ಮೇಡಂ. ನಾವೇ ಏನೋ ಒಂದು ನೋಡ್ಕಂತೀವಿ."

ಕೈ ಮುಗಿದು ಹೊರಟುಹೋದ. ಬಾಗಿಲ ತನಕ ಎದ್ದು ಹೋದೆ. ಬೈಕ್ ಆಗಲೇ ರಸ್ತೆಗೆ ಇಳಿದಿತ್ತು. ಅವನದು ಯಾವ ಊರು ಎಂದು ನಾನು ಕೇಳಿರಲೇ ಇಲ್ಲ.